ರೇವಣಯ್ಯನವರ ಲಾರಿ ಮತ್ತು ನನ್ನ ಹಸಿರು ಬಣ್ಣ

ಕೈಯನ್ನು ಎರಡು ಸಲ ಸಾಬೂನಿನಿಂದ ತೊಳೆದಿದ್ದೇನೆ. ಆದರೂ ಬರೆಯಲೆಂದು ಕಾಗದದ ಮೇಲೆ ಬಾಗಿದಾಗಲೆಲ್ಲ ಬೆರಳ ಸಂದಿಯಿಂದ ಗಂಧಕ ಬೆರೆತ ಆಕ್ಸಲ್ ಎಣ್ಣೆಯ ದಪ್ಪ ವಾಸನೆ ಏಳುತ್ತದೆ. ನಾಳೆ ಉಮರ್ಗಾದ ಕಾಲೇಜೊಂದರ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರ. ವಿದ್ಯಾರ್ಥಿಗಳಿಗೆ ಹೇಳಬೇಕಾದ ನಾಲ್ಕು ಮಾತು ಬರೆದಿಟ್ಟುಕೊಳ್ಳಲು ಕೂತವನು. ಈ ವಾಸನೆ ಬರೆಯಗೊಡುತ್ತಿಲ್ಲ. ಓದುಗ ಮಿತ್ರರೇ, ಹಾಗಾಗಿ ಅದರ ಕಥೆಯನ್ನೇ ಮೊದಲು ನಿಮ್ಮ ಮುಂದಿಡುತ್ತೇನೆ.

ಆರೇಳು ವರ್ಷಗಳ ಹಿಂದೆ, ಮಹಾರಾಷ್ಟ್ರ ಗಡಿಭಾಗದ ಕನ್ನಡ ಶಾಲೆಗಳಿಗೆ ಪುಸ್ತಕ ಒಯ್ಯಲೆಂದು ನಾವು ಕೆಲವರು ಸಮಿತಿಯೊಂದನ್ನು ಕಟ್ಟಿಕೊಂಡೆವು. ಸೇನೆಯಿಂದ ನಿವೃತ್ತಿಗೊಂಡ ಹಳೆಯ ಲಾರಿಯೊಂದು ದಾನವಾಗಿ ಬಂತು. ಅದನ್ನು ನಡೆಸಲು ಬಂದವರೂ ಸೇನೆಯಿಂದ ನಿವೃತ್ತರಾದವರೇ: ರೇವಣಯ್ಯನವರು. ಜಂಗಮರ ಮನೆತನ, ಊರ ಮನೆಗಳಿಗೆ ಪೂಜೆಗೆ ಹೋಗುವವರು. ಹಣೆಯಲ್ಲಿ ವಿಭೂತಿ, ಉಗುರಿನಲ್ಲಿ ಗ್ರೀಸು. ತಿಂಗಳಿಗೊಮ್ಮೆ ಉಮರ್ಗಾದಿಂದ ನಿಲಂಗಾ, ಅಲ್ಲಿಂದ ಉದಗೀರ, ದಾರಿಯುದ್ದಕ್ಕೂ ಶಾಲೆಗಳು. ಲಾರಿಯನ್ನು ನಾನು ‘ಸಂಚಾರಿ ಗ್ರಂಥಾಲಯ’ ಎನ್ನುತ್ತಿದ್ದೆ, ಅವರು ‘ಇಕಿ’, ಅಂದರೆ ಇವಳು, ಎನ್ನುತ್ತಿದ್ದರು. ಇಳಿಜಾರಿನಲ್ಲಿ ಅದು ಅವರ ಮಾತನ್ನಷ್ಟೇ ಕೇಳುತ್ತಿತ್ತು.

ನಮ್ಮಿಬ್ಬರ ನಡುವೆ ಒಂದೇ ವಿವಾದವಿತ್ತು. ಶ್ರಾವಣ ಬಂತೆಂದರೆ ಅವರು ಲಾರಿ ನಿಲ್ಲಿಸಿ ತಿಂಗಳಿಡೀ ಮನೆಮನೆಯ ಪೂಜೆಗೆ ಹೊರಡುತ್ತಿದ್ದರು. ಜನ ಅವರ ಪಾದ ತೊಳೆದು ಪೂಜಿಸುತ್ತಿದ್ದರು. ಮನುಷ್ಯ ಮನುಷ್ಯನ ಪಾದ ಪೂಜಿಸುವುದನ್ನು ಮೇಷ್ಟ್ರಾದ ನಾನು ಕಾಲೇಜಿನ ವೇದಿಕೆಯಿಂದಲೂ ಖಂಡಿಸಿದವನು. ಇದನ್ನು ಅವರಿಗೂ ಹೇಳಿದೆ. ಅವರು ನಕ್ಕರು. “ನೀವು ಖಂಡಿಸ್ರೀ ಸರ್. ನಿಮ್ಮ ಅವ್ವಾರು ಮಾತ್ರ ಸೋಮವಾರ ಪೂಜಿಗೆ ಬರ್ರಿ ಅಂದಾರ.”

ಒಂದು ವರ್ಷ ಶ್ರಾವಣದಲ್ಲಿ, ಅವರಿಲ್ಲದ ಬಿಡುವನ್ನು ನಾನು ಶ್ರಮದಾನಕ್ಕೆ ಬಳಸಿದೆ. ನಮ್ಮೂರ ಶಾಲೆಯ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಲಾರಿಗೆ ಮೂರು ದಿನ ಸ್ವಂತ ಕೈಯಿಂದ ಹಸಿರು ಬಣ್ಣ ಬಳಿದೆ. ಕಣ್ಣಿಗೆ ಕಾಣದ ಜಾಗವೂ ಶುದ್ಧವಾಗಿರಬೇಕು ಎಂಬುದು ನನ್ನ ತತ್ತ್ವ. ಆದ್ದರಿಂದ ಕೆಳಗೆ ತೂರಿ, ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್ಲಿಗೂ ಎರಡು ಕೋಟು ಹಚ್ಚಿದೆ. ಎದ್ದಾಗ ತಲೆಗೂದಲೂ ಹಸಿರಾಗಿತ್ತು. ಅಷ್ಟು ತೃಪ್ತಿ ಯಾವ ಬಹುಮಾನವೂ ನನಗೆ ಕೊಟ್ಟಿರಲಿಲ್ಲ.

ಶ್ರಾವಣ ಮುಗಿದ ಮೇಲೆ ಎಣ್ಣೆ ಸೋರತೊಡಗಿತು. ಹಿಂದಿನ ಚಕ್ರಗಳ ಒಳಮೈಯಲ್ಲಿ ಕರಿ ಗೆರೆಗಳು ಇಳಿದವು. ಆಕ್ಸಲ್ಲಿನ ಎಣ್ಣೆ ಬ್ರೇಕಿನೊಳಗೆ ಹೋದರೆ ಬ್ರೇಕು ಹಿಡಿಯುವುದಿಲ್ಲ. ರೇವಣಯ್ಯನವರು ಎಣ್ಣೆಯನ್ನು ತಡೆಯುವ ಸೀಲು ಬದಲಿಸಿದರು. ಹದಿನೈದು ದಿನಕ್ಕೆ ಮತ್ತೆ ಸೋರಿತು. ಇನ್ನೊಮ್ಮೆ ಬದಲಿಸಿದರು. ಮತ್ತೆ ಸೋರಿತು.

ಸಮಿತಿಯ ಸಭೆಯಲ್ಲಿ ನಾನು ಎದ್ದು ನಿಂತೆ. ಮಂಡನೆ ಅಚ್ಚುಕಟ್ಟಾಗಿತ್ತೆಂದು ಈಗಲೂ ಒಪ್ಪಲೇಬೇಕು. ಶ್ರಾವಣಕ್ಕೆ ಮೊದಲು ಸೋರಿಕೆ ಇರಲಿಲ್ಲ. ಶ್ರಾವಣದಲ್ಲಿ ಚಾಲಕರು ಲಾರಿಯತ್ತ ತಿರುಗಿ ನೋಡಲಿಲ್ಲ. ಶ್ರಾವಣದ ನಂತರ ಸೋರಿಕೆ ಶುರುವಾಯಿತು. ಆದ್ದರಿಂದ ಕಾರಣ, ನಿರ್ಲಕ್ಷ್ಯ. ಎರಡು ದೋಣಿಗಳಲ್ಲಿ ಕಾಲಿಟ್ಟವರ ಕೈಗೆ ಮಕ್ಕಳ ಪುಸ್ತಕವನ್ನು ಒಪ್ಪಿಸಬಹುದೇ ಎಂದು ಕೇಳಿ ಕುಳಿತೆ. ಅಧ್ಯಕ್ಷೆ ಗಂಗಾಬಾಯಿ, ಲೋಹಾರಾ ಕಡೆಯ ಹೊಲದೊಡತಿ, ರೇವಣಯ್ಯನವರ ಕಡೆಗೆ ತಿರುಗಿದರು.

“ಅಯ್ಯಾನವರ, ನೀವೇನಂತೀರಿ?”

“ಸರ್ ಛಂದ ಮಾತಾಡ್ಯಾರ್ರಿ,” ಎಂದರು ರೇವಣಯ್ಯನವರು. “ಆದ್ರ ಎಣ್ಣಿ ಯಾಕ ಬರ್ತದ ಅಂಬೋದು ಹೇಳಿಲ್ಲ.”

ಅದನ್ನು ನಾನು ಸೋತವರ ಮಾತೆಂದು ತಿಳಿದೆ. ಉದಗೀರದ ಆ ತಿಂಗಳ ಸುತ್ತು ಮುಗಿದ ಮೇಲೆ ಅವರು ಕೀಲಿಯನ್ನು ಸಮಿತಿಗೆ ಒಪ್ಪಿಸಬೇಕೆಂದು ತೀರ್ಮಾನವಾಯಿತು. ಅವರು ಹೊರಗೆ ಹೋಗಿ ಲಾರಿಯ ಮೂತಿಯ ಧೂಳನ್ನು ಹೆಗಲ ವಸ್ತ್ರದಿಂದ ಒರೆಸುತ್ತ ನಿಂತದ್ದನ್ನು ಕಿಟಕಿಯಿಂದ ಕಂಡೆ.

ಆ ಕೊನೆಯ ಸುತ್ತಿಗೆ ನಾನೂ ಹೋದೆ. ನಿಲಂಗಾ ದಾಟಿ ಉದಗೀರದ ದಾರಿಯ ಇಳಿಜಾರೊಂದರಲ್ಲಿ ಬ್ರೇಕು ಒತ್ತಿದಾಗ ಲಾರಿ ಒಂದು ಪಕ್ಕಕ್ಕೆ ಎಳೆಯಿತು. ಅವರು ಗೇರಿನಲ್ಲೇ ಹಿಡಿದು ಹುಣಸೆಮರದ ಕೆಳಗೆ ನಿಲ್ಲಿಸಿದರು. ಚಕ್ರದ ಒಳಮೈ ಹಸಿಯಾಗಿತ್ತು.

“ಮುಂಜಾನಿ ಒಣಾ ಇತ್ತು ನೋಡ್ರಿ. ಕಾದ ಮ್ಯಾಲ ಬಂದದ,” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಕೆಳಗೆ ತೂರಿದರು. ನಾನೂ ಬಗ್ಗಿ ನೋಡಿದೆ. ಆಕ್ಸಲ್ಲಿಗೆ ಎಣ್ಣೆ ತುಂಬುವ ಬಿರಡೆಯನ್ನು ಅವರು ಸ್ಪ್ಯಾನರಿನಿಂದ ಸಡಿಲಿಸಿದ್ದೇ ತಡ, ಒಳಗಿನಿಂದ ಗಾಳಿ ಫುಸ್ಸೆಂದು ನುಗ್ಗಿತು. ಅಷ್ಟು ಹೊತ್ತು ಅದುಮಿಟ್ಟ ಉಸಿರು. ರೇವಣಯ್ಯನವರು ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿದರು. ಆಮೇಲೆ ಆಕ್ಸಲ್ಲಿನ ಮೇಲ್ಮೈಯನ್ನು ಬೆರಳಿನಿಂದ ತಡವಿ, ಬೆರಳ ತುದಿಯಷ್ಟು ಸಣ್ಣ ಮುಚ್ಚಳವೊಂದನ್ನು ಉಗುರಿನಿಂದ ಕೆರೆದರು. ಹಸಿರು ಬಣ್ಣ ಸಿಪ್ಪೆಯಾಗಿ ಎದ್ದಿತು. ಅದರಲ್ಲಿ ಬ್ರಶ್ಶಿನ ಕೂದಲೊಂದು ಅಂಟಿಕೊಂಡಿತ್ತು.

“ಇದು ಇಕಿ ಉಸರಾಡೋ ಜಾಗಾರೀ ಸರ್. ಓಡಿದ ಮ್ಯಾಲ ಒಳಗ ಗಾಳಿ ಕಾಯ್ತದ, ಇಲ್ಲಿಂದ ಹೊರಗ ಬರಬೇಕು. ಇದು ಬಂದಾದ್ರ ಗಾಳಿ ಎಣ್ಣಿನ್ನ ದಬ್ತದ. ಯಾ ಸೀಲ್ ತಡದೀತು?” ನನ್ನ ಮುಖ ನೋಡದೆ ಕೇಳಿದರು: “ಇದರ ಮ್ಯಾಲೂ ಯಾರ ಹಚ್ಯಾರ್ರೀ ಬಣ್ಣ?”

“ನಾನು.” ನನ್ನ ಜೀವಮಾನದ ಅತಿ ಚಿಕ್ಕ ಉತ್ತರ ಅದು.

ಅವರು ತೆಳು ತಂತಿ ತೂರಿಸಿ, ಡೀಸೆಲ್ಲಿನಿಂದ ತೊಳೆದು, ಮುಚ್ಚಳ ಸಲೀಸಾಗಿ ತಿರುಗುವವರೆಗೂ ಬಿಡಲಿಲ್ಲ. ಆಮೆಯ ನಡಿಗೆಯಲ್ಲಿ ಉದಗೀರ ಸೇರಿ, ಎಣ್ಣೆ ಕುಡಿದ ಬ್ರೇಕಿನ ಪಟ್ಟಿಗಳನ್ನೂ ಸೀಲನ್ನೂ ಮತ್ತೆ ಬದಲಿಸಿದರು. ಹಿಂದಿರುಗಿ ಬರುವಾಗ ಊರಿಗೊಮ್ಮೆ ಇಳಿದು ಚಕ್ರ ಮುಟ್ಟಿ ನೋಡಿದೆ. ಒಣಗಿತ್ತು.

ದಾರಿಯುದ್ದಕ್ಕೂ ನನ್ನೊಳಗಿನ ಚರ್ಚಾಪಟು ನನ್ನ ಪರವಾಗಿ ವಾದಿಸುತ್ತಲೇ ಇದ್ದ: ಬಣ್ಣ ತೂತನ್ನು ಪೂರ್ತಿ ಮುಚ್ಚಿತ್ತೆಂಬುದಕ್ಕೆ ಆಧಾರವೇನು, ಚಾಲಕರು ಮೊದಲೇ ಪರೀಕ್ಷಿಸಬಹುದಿತ್ತಲ್ಲವೇ. ಅಷ್ಟರಲ್ಲಿ ರೇವಣಯ್ಯನವರೇ ಹೇಳಿದರು: “ಸೀಲ್ ಖರಾಬಿತ್ತು, ಈಗ ಸೋರೂದು ನಿಂತದ ಅಂತ ಹೇಳಿಬಿಡ್ರಿ. ನಿಮ್ಮ ಮಾತಿನ ಮ್ಯಾಲ ಮಂದಿ ಬುಕ್ ಕೊಡ್ತಾರ. ನಂದೇನು, ಕೀಲಿ ಹ್ಯಾಂಗೂ ಹೊಂಟದ.”

ಮರುವಾರದ ಸಭೆಯಲ್ಲಿ ಕೀಲಿ ಮೇಜಿನ ಮೇಲಿತ್ತು. ನಾನು ಎದ್ದು ನಿಂತು ನಾಲ್ಕೇ ವಾಕ್ಯ ಹೇಳಿದೆ. ಬಣ್ಣ ಹಚ್ಚಿದವನು ನಾನು. ಉಸಿರಾಡುವ ತೂತು ಮುಚ್ಚಿದವನು ನಾನು. ಅವರು ಕಂಡುಹಿಡಿದರು. ಹೋದ ಸಭೆಯ ನನ್ನ ವಾದ ಸುಳ್ಳು. ಗಂಗಾಬಾಯಿ ಕೀಲಿಯನ್ನು ರೇವಣಯ್ಯನವರ ಕಡೆಗೆ ಸರಿಸಿದರು. “ಮಾಸ್ತರ, ಇನ್ನ ಮ್ಯಾಲ ನೀವು ಬಾಯಿ ಹಚ್ರಿ, ಬ್ರಶ್ ಹಚ್ಚಬ್ಯಾಡ್ರಿ,” ಎಂದರು. ಹೊರಗೆ ಬಂದಾಗ ರೇವಣಯ್ಯನವರು ಲಾರಿಯ ಬಾಗಿಲು ತೆರೆಯುತ್ತ ಹೇಳಿದರು: “ಇವತ್ತ ಭಾಷಣ ಭಾಳ ಸಣ್ಣದಾತ್ರೀ ಸರ್.”

ಇಂದು ಶ್ರಾವಣದ ಸೋಮವಾರ. ಪೂಜೆಗೆ ಹೊರಡುವ ಮುನ್ನ ಅವರು ಆ ತೆಳು ತಂತಿಯನ್ನು ನನ್ನ ಕೈಗೆ ಕೊಟ್ಟು ಹೋಗುವುದು ಈಗ ರೂಢಿ. ಬೆಳಿಗ್ಗೆ ಲಾರಿಯ ಕೆಳಗೆ ಮಲಗಿ ಮುಚ್ಚಳ ಸ್ವಚ್ಛ ಮಾಡಿ ಬಂದೆ. ಅಷ್ಟರಲ್ಲಿ ಅವರು ನಮ್ಮ ಮನೆಗೇ ಬಂದಿದ್ದರು. ಅವ್ವ ಮಣೆ ಹಾಕಿ, ತಟ್ಟೆಯಿಟ್ಟು, ಪಾದಕ್ಕೆಂದು ತಂಬಿಗೆಯಲ್ಲಿ ನೀರು ತಂದಿಟ್ಟಿದ್ದಳು. ನಾನು ಎಂದಿನಂತೆ ಬಾಗಿಲಲ್ಲೇ ನಿಂತೆ. ರೇವಣಯ್ಯನವರು ನನ್ನ ಕೈ ನೋಡಿದರು. ತಂಬಿಗೆ ಎತ್ತಿಕೊಂಡು ಅಂಗಳಕ್ಕೆ ಬಂದರು.

“ಹಿಡೀರಿ ಸರ್. ಮೊದಲ ನಿಮ್ಮ ಕೈ.”

“ಅಯ್ಯಾನವರ, ಅದು ನಿಮ್ಮ ಪಾದದ ನೀರು,” ಎಂದಳು ಅವ್ವ ಒಳಗಿನಿಂದ.

“ಇರಲೇಳವ್ವಾ. ಎಣ್ಣಿ ಒಣಗಿದ್ರ ಹೋಗಂಗಿಲ್ಲ.”

ಅವರು ಸುರಿದರು, ನಾನು ತೊಳೆದೆ. ಪಾದಪೂಜೆಯ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ತಂಬಿಗೆ ಖಾಲಿಯಾಗಿತ್ತು, ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮತ್ತೆ ತುಂಬಿಸಿ, ಮಣೆಯ ಪಕ್ಕದಲ್ಲಿ ನಾನೇ ತಂದಿಟ್ಟೆ.