ಎಡಗೈಯ ಅಭ್ಯಾಸ
ಹೊಸೂರಿನ ಸಬ್ ಇನ್ಸ್‌ಪೆಕ್ಟರ್ ಬಿಂದುಮಾಧವರಾಯರು ಬೆಳಗಿನ ಸಂಧ್ಯಾವಂದನೆ ಮುಗಿಸಿದರೆಂದರೆ ಹಿತ್ತಿಲಲ್ಲಿ ಅವರ ಎರಡನೆಯ ಜಪ ಶುರುವಾಗುತ್ತಿತ್ತು. ಗುಂಡು ತೆಗೆದಿಟ್ಟ ರಿವಾಲ್ವರನ್ನು ಎಡಗೈಯಲ್ಲಿ ಹಿಡಿದು, ನಳಿಗೆಯ ಮೇಲೆ ನಾಲ್ಕಾಣೆ ಕೂರಿಸಿ, ಅದು ಬೀಳದಂತೆ ನುಗ್ಗೆಮರಕ್ಕೆ ಗುರಿಯಿಟ್ಟು ಟ್ರಿಗರ್ ಒತ್ತುವರು. ಮೂಕಂಡಪಲ್ಲಿಯ ಫ್ಯಾಕ್ಟರಿ ಸೈರನ್ ಕೂಗುವಷ್ಟರಲ್ಲಿ ಮರ ನೂರು ಸಲ ಸತ್ತಿರುತ್ತಿತ್ತು. ಆದರೂ ಹುಳಿಗೆ ಕಾಯಿ ಕೊಡುವುದನ್ನು ನಿಲ್ಲಿಸಿರಲಿಲ್ಲ. "ಜವಳಗಿರಿ ಕಾಡಲ್ಲಿ ಯಾವನೋ ಕಳ್ಳ ಬಲಗೈಗೆ ಹೊಡೆದ್ರೆ, ಎಡಗೈ ಪಿಳಿಪಿಳಿ ನೋಡ್ತಾ ಕೂತ್ಕೋಬೇಕೇನೇ?" ಎಂದು ಹೆಂಡತಿ ಜಲಜಮ್ಮನನ್ನು ದಬಾಯಿಸುವರು. ರೂಢಿಯಾಗಲೆಂದು ಅಂಗಿಯ ಗುಂಡಿ, ಮನೆಯ ಬೀಗ, ಕಡೆಗೆ ಗಡ್ಡ ಹೆರೆಯುವುದೂ ಎಡಗೈಯ ಪಾಲಾಯಿತು. ಗಲ್ಲದ ಗಾಯಗಳಿಗೆ ಲೆಕ್ಕವಿರಲಿಲ್ಲ. ಜಲಜಮ್ಮ ಎಲ್ಲವನ್ನೂ ಸಹಿಸಿದರು, ಒಂದನ್ನು ಬಿಟ್ಟು. "ಎಡಗೈ ಚಾಚಿದ್ರೆ ಕಾಫಿ ಇಲ್ಲ, ಹೇಳ್ಬಿಟ್ಟಿದೀನಿ!" ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಆ ಮನೆಯಲ್ಲಿ ಒಂದು ಎಸಳು ಹೂವನ್ನೂ ಯಾರೂ ಎಡಗೈಯಲ್ಲಿ ಕೊಟ್ಟಿರಲಿಲ್ಲ, ತೆಗೆದುಕೊಂಡಿರಲಿಲ್ಲ. ಹಾಗಾಗಿ ಕಾಫಿಗೆ ಮಾತ್ರ ರಾಯರು ಬಲಗೈಯನ್ನೇ ಚಾಚುತ್ತಿದ್ದರು. ಕೃಷ್ಣಗಿರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಗುರಿ ಪರೀಕ್ಷೆಗೆ ಹದಿನೈದು ದಿನವಿದ್ದಾಗ, ಒಂದು ಬೆಳಿಗ್ಗೆ ಆ ಕೈ ಎತ್ತಿದ ಲೋಟ ತುಟಿ ಮುಟ್ಟುವ ಮೊದಲೇ ಅರ್ಧ ಕಾಫಿ ಪಂಚೆಯ ಮೇಲಿತ್ತು. "ತುಂಬಾ ಬಿಸಿ ಕಣೇ" ಎಂದರು ರಾಯರು. ಕಾಫಿ ಆಗಲೇ ಆರಿತ್ತು. ನಡುಗುತ್ತಿದ್ದ ಬಲಗೈಯನ್ನು ಅವರು ಮಡಿಲಲ್ಲಿ ಅಡಗಿಸಿಕೊಂಡದ್ದನ್ನು ಜಲಜಮ್ಮ ನೋಡಿದರು. ಒಳಗೆ ಹೋಗಿ ಇನ್ನೊಂದು ಲೋಟ ತುಂಬಿಸಿ ತಂದು, ಅವರ ಎಡಗೈಗೇ ಕೊಟ್ಟರು. ಒಂದು ಹನಿಯೂ ತುಳುಕಲಿಲ್ಲ.