ಗ್ರೂಪಿನಲ್ಲಿ ಇಲ್ಲದವನು

ಅವನ ಬೆರಳುಗಳು ಯಾವಾಗಲೂ ಹಳದಿ. ಸಾಂಗ್ಲಿಯ ಅರಿಷಿಣ ಪೇಟೆಯ ದಲಾಲಿ ಅಡತ್ ಅಂಗಡಿಯೊಂದರಲ್ಲಿ ಮಾಲು ನೋಡುವ ಕೆಲಸ. ಎಷ್ಟು ಸಾಬೂನು ಹಚ್ಚಿದರೂ ಉಗುರಿನ ಸಂದಿಯ ಬಣ್ಣ ಹೋಗುವುದಿಲ್ಲ. ಅರಿಷಿಣದ ಕೊಂಬನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾನೆ, ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಾನೆ. ಅದೇ ಬೆರಳುಗಳಿಂದ ಪ್ರತಿ ಐತವಾರ ಮಿರಜಿನ ನಮ್ಮ ಮನೆಗೆ ಬಂದು ಆಯಿಯ ಕಾಲಿನ ಉಗುರು ತೆಗೆಯುತ್ತಿದ್ದ. ಆಯಿ ಎಂದರೆ ನಮ್ಮಿಬ್ಬರ ಅಜ್ಜಿ. ಅವನು ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ ಮಗ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಕಾಕಾ, ಕಾಕಿ ಇಬ್ಬರೂ ಬೇಗ ತೀರಿಕೊಂಡದ್ದರಿಂದ ಅವನನ್ನು ಬೆಳೆಸಿದವಳು ಆಯಿಯೇ.

ಅವನೂ ಒಂದು ಕಾಲಕ್ಕೆ ನಮ್ಮೆಲ್ಲರಂತೆ ಮೊಬೈಲಿಗೆ ಅಂಟಿಕೊಂಡಿದ್ದವನೇ. ಒಂದು ದಿನ ಊಟಕ್ಕೆ ಕೂತಾಗ ಆಯಿ ಭಕ್ರಿ ಹಾಕುತ್ತ, "ನನ್ನ ಮಾರಿ ನೋಡಿ ಎಷ್ಟ ದಿನಾ ಆತೋ ನೀ?" ಎಂದು ಮೆಲ್ಲಗೆ ಕೇಳಿದಳು. ಮರುದಿನವೇ ಆ ಫೋನನ್ನು ಮೊಬೈಲ್ ಅಂಗಡಿಗೆ ಕೊಟ್ಟು, ಗುಂಡಿ ಒತ್ತುವ ಸಣ್ಣ ಫೋನು ತಂದ. ಇಂಟರ್ನೆಟ್ಟೇ ಬೇಡವಂತೆ, ಇಪ್ಪತ್ಮೂರರ ಹುಡುಗನಿಗೆ! ನಾವು ನಕ್ಕಿದ್ದೇ ನಕ್ಕಿದ್ದು. ಅವನು ಮನೆಮಂದಿಯ ವಾಟ್ಸಾಪ್ ಗ್ರೂಪಿನಿಂದ ಹೊರಬಿದ್ದ ದಿನ "ನಮ್ಮ ಹುಡುಗ ಸನ್ಯಾಸ ತಗೊಂಡ" ಎಂದು ಅದೇ ಗ್ರೂಪಿನಲ್ಲಿ ಬರೆದವಳು ನಾನು.

"ಸುದ್ದಿ ಇದ್ರ ಫೋನ್ ಹಚ್ರಿ, ಇಲ್ಲಾ ಬಂದು ಹೇಳ್ರಿ. ಸಾಂಗ್ಲಿ ಏನ ದೂರ ಐತಿ?" ಎಂದಿದ್ದ ಅವನು. ನಿಜ, ಬಸ್ಸು ಹತ್ತಿದರೆ ಅರ್ಧ ಗಂಟೆ.

ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ಆಯಿ ತೀರಿಕೊಂಡಳು. ನಮ್ಮಲ್ಲಿ ಹೆಚ್ಚು ಹೊತ್ತು ಇಡುವುದಿಲ್ಲ. ಮಧ್ಯಾಹ್ನವೇ ಲಿಂಗನೂರಿನ ನಮ್ಮ ಹೊಲದಲ್ಲಿ ಮಣ್ಣು ಎಂದರು ಅಪ್ಪ. ನಾನು ಆಯಿಯ ಒಳ್ಳೆಯ ಫೋಟೋ ಹುಡುಕಿ, ಸುತ್ತ ಹೂವಿನ ಚೌಕಟ್ಟು ಕೂರಿಸಿ, ಗ್ರೂಪಿಗೆ ಹಾಕಿದೆ. ಹೂವಿನ ಚೌಕಟ್ಟು! ಅದಕ್ಕೆ ನನಗೆ ಪುರುಸೊತ್ತಿತ್ತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಕುಣಿಯಲ್ಲಿ ಆಯಿಯನ್ನು ಕೂರಿಸಿ, ಪತ್ರಿ ವಿಭೂತಿ ಆದಮೇಲೆ, ಅಪ್ಪನ ನಂತರ ತೀರಿಹೋದ ಕಾಕಾನ ಬದಲು ಹಿಡಿ ಮಣ್ಣು ಹಾಕಬೇಕಾದವನು ಇರಲಿಲ್ಲ.

"ಹುಡುಗ ಎಲ್ಲಿ?" ಎಂದರು ಅಪ್ಪ.

"ಎಲ್ಲಾರಿಗೂ ತಿಳಿಸೇವ್ರಿ. ಮನಸ್ಸಿದ್ರ ಬರ್ತಿದ್ದ" ಎಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಂಜೆ ಮನೆಗೆ ಬಂದವರೆದುರು, "ಸಾಕಿದಾಕಿ ಸತ್ರೂ ಬರಲಿಲ್ಲ, ಎಷ್ಟ ಸೊಕ್ಕ ನೋಡ್ರಿ" ಎಂದೂ ಆಡಿದೆ. ಎಲ್ಲರೂ ಹೌದೆಂದು ತಲೆದೂಗಿದರು. ಅಷ್ಟು ದೊಡ್ಡ ಬಳಗದಲ್ಲಿ ಒಬ್ಬರೂ ಅವನಿಗೆ ಫೋನ್ ಹಚ್ಚಿರಲಿಲ್ಲ. ಹಚ್ಚಿಲ್ಲ ಎಂಬುದು ಯಾರಿಗೂ ಹೊಳೆಯಲೂ ಇಲ್ಲ. ಥೂ, ನಮ್ಮ ಜನ್ಮಕ್ಕಿಷ್ಟು!

ಮರುದಿನ ಐತವಾರ. ಅವನು ಕೈಯಲ್ಲಿ ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಈಗ ಬಂದ್ಯಾ? ನಾಚಿಕಿ ಇಲ್ಲೇನ ನಿನಗ?" ಎಂದು ಚೀರಿದೆ.

ಅವನು ಚಪ್ಪಲಿ ಬಿಡುತ್ತ ನಕ್ಕ. "ಬಸ್ಸ ತಡಾ ಆತು ಅಕ್ಕಾ. ಆಯಿ ಎದ್ದಾಳೇನು?"

ನನ್ನ ಹಿಂದಿನಿಂದ ಅವ್ವ, "ಗ್ರೂಪಿನ್ಯಾಗ ಹಾಕಿದ್ವಲ್ಲೋ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು.

ಒಳಗೆ ಆಯಿಯ ಫೋಟೋದ ಮುಂದೆ ಉರಿಯುತ್ತಿದ್ದ ದೀಪ ಕಂಡು, ಅವನು ಬಾಳೆಹಣ್ಣು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆಯೇ ಕೂತುಬಿಟ್ಟ. ಬಯ್ಯಲಿಲ್ಲ. ಬಯ್ಯಬೇಕಿತ್ತು, ನನ್ನ ಫೋನು ಕಸಿದು ನೆಲಕ್ಕೆ ಬಡಿಯಬೇಕಿತ್ತು. ಲಿಂಗನೂರಿಗೆ ಕರೆದುಕೊಂಡು ಹೋದೆ. ಆಗಲೇ ಮುಚ್ಚಿದ್ದ ಕುಣಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಅದನ್ನು ಅಂಗೈಯಿಂದ ಸವರುತ್ತ ಒಂದೇ ಮಾತು ಕೇಳಿದ: "ಆಯಿ ನನ್ನ ಕೇಳಿದ್ಳೇನಕ್ಕಾ?"

"ಇಲ್ಲಪಾ. ನಿದ್ದಿಯಾಗ ಹೋದ್ಳು" ಎಂದೆ.

ಸುಳ್ಳು. ಆ ಬೆಳಿಗ್ಗೆ ಚಹಾ ಕೊಟ್ಟಾಗ ಆಯಿ, "ಇವತ್ತ ಐತವಾರ ಏನು?" ಎಂದು ಕೇಳಿದ್ದಳು. ನಾನು ಮೊಬೈಲಿನಿಂದ ಕಣ್ಣೆತ್ತದೆ "ಅಲ್ಲ, ನಾಳಿಗಿ" ಎಂದಿದ್ದೆ. ಆಗ ಅವಳ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

ಅವನು ಈಗಲೂ ಐತವಾರ ತಪ್ಪಿಸುವುದಿಲ್ಲ. ಈಗ ಅವ್ವನ ಕಾಲು ತೊಡೆಯ ಮೇಲಿಟ್ಟುಕೊಂಡು ಉಗುರು ತೆಗೆಯುತ್ತಾನೆ. ಅವಳ ಉಗುರು ಅಷ್ಟು ಬೆಳೆದದ್ದು ಒಂದೇ ಮನೆಯಲ್ಲಿರುವ ನನಗೆ ಕಂಡಿರಲಿಲ್ಲ. ಪ್ರತಿ ಸಲ ಅವನ ಎದುರು ಹೋಗಿ ಕೂಡುತ್ತೇನೆ. ಆಯಿ ನಿನ್ನ ಕೇಳಿದ್ದಳು ಎಂದು ಹೇಳಬೇಕು. ಕಡೆಗೆ "ಚಹಾ ತರಲೇನೋ?" ಎಂದು ಕೇಳಿ ಎದ್ದು ಬರುತ್ತೇನೆ.