ಬದನೆಹೂವಿನ ಬಣ್ಣದ ಸೀರೆ

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಬೀದಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಯಜಮಾನರು ಫೋಟೋ ತೆಗೆಯುತ್ತಿದ್ದರು, ನಾನು ಬಣ್ಣ ಹಾಕುತ್ತಿದ್ದೆ. ಆಗ ನಮ್ಮ ಕಡೆ ಫೋಟೋಗಳೆಲ್ಲ ಕಪ್ಪು ಬಿಳುಪಿನವೇ. ಬಣ್ಣ ಬೇಕೆಂದವರಿಗೆ ಅದರ ಮೇಲೆಯೇ ಕುಂಚದಿಂದ ತುಂಬಿ ಕೊಡಬೇಕಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಾಗಿಲ ಮುಂದೆ ಹಾಕಿದ ರಂಗೋಲಿ ನೋಡಿ ಯಜಮಾನರು, "ನಿನ್ನ ಕೈ ನಡುಗಲ್ಲ, ಇದನ್ನ ಹಿಡಿ ನೋಡಾಣ" ಎಂದು ನಾಲ್ಕೇ ಕೂದಲಿನ ಒಂದು ಕುಂಚ ಕೊಟ್ಟಿದ್ದರು. ನನ್ನ ಕೈ ನಡುಗುತ್ತಿರಲಿಲ್ಲ, ಅದು ನಿಜ. ಮೂಗುತಿಯ ಹರಳಿಗೆ ನನ್ನ ಹಾಗೆ ಹೊಳಪು ಕೊಡುವವರು ಊರಲ್ಲಿ ಇನ್ನೊಬ್ಬರಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗಲೂ ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಮ್ಮ ಅಂಗಡಿಗೆ ಎನ್‌ಲಾರ್ಜರ್ ಬಂತು. ಅದಕ್ಕೆ ಮೊದಲು ದೊಡ್ಡ ಫೋಟೋ ಬೇಕೆಂದರೆ ಹುಬ್ಬಳ್ಳಿಗೆ ಕಳಿಸಿ ಹದಿನೈದು ದಿನ ಕಾಯಬೇಕಿತ್ತು. ಈ ಯಂತ್ರ ನೀರಿಗೆ ಬಗ್ಗಿದ ಕೊಕ್ಕರೆಯ ಹಾಗೆ ಕತ್ತಲೆ ಕೋಣೆಯಲ್ಲಿ ನಿಂತಿರುತ್ತಿತ್ತು. ಮೇಲೆ ನೆಗೆಟಿವ್ ಇಟ್ಟು ದೀಪ ಹಾಕಿದರೆ ಕೆಳಗಿನ ಕಾಗದದ ಮೇಲೆ ಮುಖ ಬೇಕಾದಷ್ಟು ದೊಡ್ಡದಾಗಿ ಬೀಳುತ್ತಿತ್ತು. ಮೊದಲ ದಿನ ಯಜಮಾನರು ಪೂಜೆ ಮಾಡಿ ಕುಂಕುಮ ಹಚ್ಚಲು ಹೋದವರು, ಎಲ್ಲಿ ಗಾಜಿಗೆ ತಗಲೀತೋ ಎಂದು ಹೆದರಿ ಅದರ ಕಂಬಕ್ಕೆ ಹಚ್ಚಿದರು.

ಕೆಲಸ ಹೆಚ್ಚಾಯಿತು, ಬೇಗ ಬೇಗ ಆಗತೊಡಗಿತು. ನಾನೂ ಕೈ ಚುರುಕು ಮಾಡಿಕೊಂಡೆ. ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಸೀರೆಗೆ ಹಸಿರು. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಆರು ಹೆಂಗಸರ ಫೋಟೋಗಳನ್ನು ಸಾಲಾಗಿ ಒಣಗಲು ಇಟ್ಟು ದೂರ ನಿಂತು ನೋಡಿದೆ. ಬೇರೆ ಬೇರೆ ಮನೆಗಳ ಆ ಆರೂ ಜನ ಒಡಹುಟ್ಟಿದವರ ಹಾಗೆ ಕಂಡರು. ನನಗೆ ನಾಚಿಕೆಯಾಯಿತು.

ಅದೇ ವಾರ ಹರಿಹರದಿಂದ ಒಬ್ಬರು ಬಂದರು. ಅಲ್ಲಿಯ ಯಂತ್ರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವರು. ಮೂವತ್ತರ ಒಳಗಿನ ವಯಸ್ಸು, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಒಂದು ಫೋಟೋ ಬಿಚ್ಚಿ ಮೇಜಿನ ಮೇಲಿಟ್ಟರು. ಮಾಯಕೊಂಡದಲ್ಲಿ ನಡೆದ ಯಾವುದೋ ಮದುವೆಯ ಗುಂಪಿನ ಚಿತ್ರ. ಹಿಂದಿನ ಸಾಲಿನಲ್ಲಿ ಹುಣಸೆಬೀಜದಷ್ಟು ಒಂದು ಮುಖ.

"ಇವ್ರು ನಮ್ಮವ್ವ. ತೀರ್ಕಂಡಾಗ ನಂಗೆ ಹತ್ತು ವರ್ಷ. ಬೇರೆ ಫೋಟೋನೇ ಇಲ್ಲ. ಗೋಡಿಗೆ ಹಾಕಂಗೆ ದೊಡ್ಡದು ಮಾಡಿ, ಬಣ್ಣ ಹಾಕಿ ಕೊಡ್ರಿ" ಎಂದರು.

ಸೀರೆ ಯಾವ ಬಣ್ಣದ್ದೆಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. "ನಮ್ಮಕ್ಕನಿಗೆ ಗೊತ್ತಿರಬಹುದು. ಹರಿಹರದಾಗೇ ಅದಾಳೆ" ಎಂದರು.

ಯಜಮಾನರು ಆ ಮುಖದ ಭಾಗವನ್ನಷ್ಟೇ ಮತ್ತೆ ಕ್ಯಾಮೆರಾದಲ್ಲಿ ಹಿಡಿದು, ಎನ್‌ಲಾರ್ಜರಿಗೆ ಹಾಕಿ ಒಂದು ಪ್ರತಿ ತೆಗೆದರು. ಸ್ವಲ್ಪ ಮಸುಕಾದರೂ ಮುಖ ಎದ್ದು ಬಂತು. ಹುಬ್ಬಿನ ನಡುವೆ ಎರಡು ಗೆರೆ, ಬಿಗಿದ ತುಟಿ, ತಲೆಯ ಮೇಲೆ ಅಗಲವಾದ ಜರಿ ಅಂಚಿನ ಸೆರಗು. ನಾನು ಅದನ್ನು ತೆಗೆದುಕೊಂಡು ಹರಿಹರಕ್ಕೆ ಹೋಗಿಬರುತ್ತೇನೆ ಎಂದೆ.

"ಒಂದು ಸೀರೆ ಬಣ್ಣ ಕೇಳಾಕ ರೈಲು ಹತ್ತಿ ಹೋಗ್ತೀಯಾ? ಹಸ್ರು ಹಾಕಿಬಿಡು, ಚೆಂದ ಕಾಣ್ತತೆ."

"ಆರು ಮಂದಿಗೆ ಹಸ್ರು ಹಾಕೀನ್ರಿ. ಏಳನೇವ್ರಿಗೆ ಹಾಕಲ್ಲ."

ಯಜಮಾನರು ನಕ್ಕು ಆ ಪ್ರತಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಭಾನುವಾರ ಬೆಳಗಿನ ರೈಲಿಗೆ ಹೋದೆ. ಹೊಳೆಯ ಕಡೆಯ ಓಣಿಯಲ್ಲಿ ಫೋಟೋ ತಂದವರ ಅಕ್ಕನ ಮನೆ. ತಮ್ಮನೂ ಅಲ್ಲಿಗೆ ಬಂದಿದ್ದರು. ಮಂಡಕ್ಕಿ, ಚಹಾ ಕೊಟ್ಟು ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಫೋಟೋ ಹಿಡಿದರು. ಬಾಗಿಲ ಬೆಳಕಿಗೆ ತಿರುಗಿಸಿ ಹತ್ತಿರದಿಂದ ನೋಡಿದರು.

"ಮುಖ ನಮ್ಮವ್ವಂದೇ" ಎಂದರು ಕೊನೆಗೆ. "ಸೀರೆ ಅಲ್ಲ."

"ಅಂದ್ರೆ?"

"ಅದು ಪಕ್ಕದ ಮನ್ಯಾರದ್ದು ತಾಯಿ. ಮದುವಿಗೆ ಉಟ್ಟು ಹೋಗಾಕೆ ಒಂದಿನಕ್ಕೆ ಇಸ್ಕಂಡಿದ್ಲು. ಎಲ್ಲಿ ಕಲೆ ಆಗ್ತತೋ ಅಂತ ಅವತ್ತು ಊಟಕ್ಕೂ ಕೂಡ್ಲಿಲ್ಲ. ಫೋಟೋ ತೆಗೆಯೋವಾಗೂ ಸೆರಗು ಹಿಡ್ಕಂಡೇ ನಿಂತಿದ್ಲು. ನಾನು ಪಕ್ಕದಾಗೇ ಇದ್ದೆ. ಅದ್ಕೇ ಮುಖ ಹಂಗೈತೆ."

ತಮ್ಮನಿಗೆ ಇದು ಗೊತ್ತೇ ಇರಲಿಲ್ಲ.

ಅಕ್ಕ ಒಳಗೆ ಹೋಗಿ ಹೊದೆಯುವ ಒಂದು ಹಳೆಯ ಕೌದಿ ತಂದರು. ತಾಯಿಯ ಸೀರೆ ಹರಿದ ಮೇಲೆ ಅದರ ತುಂಡುಗಳನ್ನು ಅದಕ್ಕೆ ಸೇರಿಸಿ ಹೊಲಿದಿದ್ದರಂತೆ. ಮೇಲಿನ ಬಟ್ಟೆ ಒಗೆದು ಒಗೆದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರು ಮೂಲೆಯ ಹೊಲಿಗೆಯನ್ನು ಸೂಜಿಯಿಂದ ಎತ್ತಿ ಬಿಚ್ಚಿ, ಒಳಗೆ ಮಡಚಿದ್ದ ಅಂಚನ್ನು ಬೆಳಕಿಗೆ ತಿರುಗಿಸಿದರು. ಬಿಸಿಲನ್ನೇ ಕಾಣದ ಆ ಬೆರಳಗಲ ಜಾಗದಲ್ಲಿ ಬಣ್ಣ ಹಾಗೇ ಇತ್ತು. ಬದನೆಹೂವಿನ ಬಣ್ಣ, ಅದರ ಮೇಲೆ ಸಣ್ಣ ಹಳದಿ ಚೌಕಳಿ.

"ಇದು ನಮ್ಮವ್ವ ಉಡ್ತಿದ್ದ ಸೀರೆ. ಹೊಲಕ್ಕೂ ಇದೇ, ಸಂತಿಗೂ ಇದೇ. ಇದನ್ನೇ ಹಾಕ್ರಿ."

ತಮ್ಮ ಒಪ್ಪಲಿಲ್ಲ. "ಫೋಟೋದಾಗ ಇಲ್ದಿದ್ದು ಹಾಕ್ಸಿದ್ರೆ ಸುಳ್ಳಾಗ್ತತೆ ಅಕ್ಕ. ನಮ್ಮ ಕಾರ್ಖಾನ್ಯಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಆ ಸಾಮಾನು ಆ ಕಡೆ ಒಗೀತಾರೆ."

"ಅವ್ವ ನಿಮ್ಮ ಕಾರ್ಖಾನಿ ಸಾಮಾನೇನೋ?" ಎಂದು ಅಕ್ಕ ಗದರಿದರು. ಅವರ ಕಣ್ಣು ತುಂಬಿತ್ತು.

ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. "ಜಗಳ ಬ್ಯಾಡ್ರಿ. ಎರಡೂ ಮಾಡಿ ಕೊಡ್ತೀನಿ, ಬಣ್ಣ ಇಲ್ದಂಗೆ ಇದ್ದಂಗೇ ಒಂದು, ಈ ಸೀರಿ ಹಾಕಿ ಒಂದು. ನೋಡಿದ ಮ್ಯಾಲೆ ಹೇಳ್ರಿ" ಎಂದೆ. ಅಕ್ಕ ಕೌದಿಯ ಆ ಅಂಚಿನಿಂದ ಒಂದು ತುಣುಕು ಬಟ್ಟೆ ಕತ್ತರಿಸಿ ಕೊಟ್ಟರು.

ವಾಪಸ್ ಬರುವಾಗ ರೈಲಿನಲ್ಲಿ ಹೊಳೆಯಿತು, ಹಿಂದಿನ ವರ್ಷವಾಗಿದ್ದರೆ ನಾನು ಈ ಮಾತು ಆಡಲು ಸಾಧ್ಯವಿರಲಿಲ್ಲ. ಹುಬ್ಬಳ್ಳಿಯಿಂದ ಬರುತ್ತಿದ್ದದ್ದು ಒಂದೇ ಪ್ರತಿ. ಅದರ ಮೇಲೆ ಹೊಸದೇನನ್ನಾದರೂ ಮಾಡಿ ಕೆಡಿಸಿದರೆ ಮುಗಿಯಿತು. ಈಗ ಕೆಟ್ಟರೆ ಇನ್ನೊಂದು ತೆಗೆಯಬಹುದು. ಆರು ಮುಖಗಳನ್ನು ಒಂದೇ ಥರ ಮಾಡುವಂತೆ ನನ್ನನ್ನು ಅವಸರಕ್ಕೆ ತಳ್ಳಿದ ಯಂತ್ರವೇ ಈ ಧೈರ್ಯವನ್ನೂ ಕೊಟ್ಟಿತ್ತು. ಅವಸರವನ್ನೋ ಧೈರ್ಯವನ್ನೋ, ಯಾವುದನ್ನು ತೆಗೆದುಕೊಳ್ಳಬೇಕು ಎನ್ನುವುದು ನನಗೇ ಬಿಟ್ಟದ್ದು.

ಮೊದಲನೆಯದು ಕೆಟ್ಟೇ ಹೋಯಿತು. ನೇರಳೆ ಬಳಿದು ಅದರ ಮೇಲೆ ಹಳದಿ ಗೆರೆ ಎಳೆದರೆ ಎರಡೂ ಸೇರಿ ಕೆಸರಿನ ಬಣ್ಣವಾಯಿತು. ಯಜಮಾನರು ನೋಡಿ, "ನಾನು ಹೇಳಲಿಲ್ವಾ?" ಎಂದರು. "ಇನ್ನೊಂದು ತೆಗೆದು ಕೊಡ್ರಿ" ಎಂದೆ. ಎರಡನೆಯದರಲ್ಲಿ ಹಳದಿ ಗೆರೆಗಳನ್ನೇ ಮೊದಲು ಎಳೆದು ಒಣಗಿಸಿ, ನಡುವಿನ ಒಂದೊಂದೇ ಚೌಕಕ್ಕೆ ನೇರಳೆ ತುಂಬಿದೆ. ಜರಿ ಫೋಟೋದಲ್ಲಿ ಬೆಳ್ಳಗೆ ಬಂದಿದ್ದರಿಂದ ಅದನ್ನು ಮುಚ್ಚುವುದು ಕಷ್ಟವಾಗಲಿಲ್ಲ. ನಾಲ್ಕು ದಿನ ಹಿಡಿಯಿತು. ಆ ಪ್ರತಿ ತೆಗೆಯುವ ಮೊದಲು ನೆಗೆಟಿವ್ ಮೇಲೆ ತೀಡಿ ಹುಬ್ಬಿನ ನಡುವಿನ ಗೆರೆಗಳನ್ನು ಅಳಿಸಲು ಯಜಮಾನರು ಪೆನ್ಸಿಲ್ ತೆಗೆದಾಗ ಬೇಡವೆಂದಿದ್ದೆ. ಕೆನ್ನೆಗೆ ಗುಲಾಬಿ ಹಾಕಲಿಲ್ಲ, ಬಿಸಿಲಿಗೆ ಬೆಂದ ಕಂದು ಹಾಕಿದೆ. ಸೀರೆ ಬದಲಾದ ಮೇಲೆ ಆ ಮುಖದಲ್ಲಿದ್ದ ಅಂಜಿಕೆ ಹೋಗಿತ್ತು. ಹೊಲದಿಂದ ಬಂದವಳು ಹೊಸ್ತಿಲಲ್ಲಿ ನಿಂತು ಮಕ್ಕಳು ಎಲ್ಲಿ ಎಂದು ಹುಡುಕುವ ಹಾಗೆ ಕಂಡಳು. ಮುಖದ ಒಂದು ಗೆರೆಯನ್ನೂ ನಾನು ತಿದ್ದಿರಲಿಲ್ಲ.

ಅಕ್ಕ ತಮ್ಮ ಇಬ್ಬರೂ ಬಂದರು. ಬಣ್ಣವಿಲ್ಲದ್ದು ಒಂದು, ಬಣ್ಣದ್ದು ಒಂದು, ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಅಕ್ಕ ಬಣ್ಣದ್ದನ್ನು ನೋಡಿದವರೇ ಬಾಯಿಗೆ ಸೆರಗು ಒತ್ತಿಕೊಂಡರು. ತಮ್ಮ ಬಗ್ಗಿ, ಹತ್ತಿರದಿಂದ, ಅಳತೆ ಹಿಡಿಯುವವರಂತೆ ಎರಡನ್ನೂ ನೋಡಿದರು. ಆಮೇಲೆ ಬಣ್ಣದ್ದರ ಕಡೆ ಬೆರಳು ತೋರಿಸಿದರು.

"ಈ ಸೀರಿ ನಂಗೆ ನೆನಪೈತೆ ಅಕ್ಕ. ಇದರ ಸೆರಗು ಹಿಡ್ಕಂಡು ಸಂತಿಗೆ ಹೋಗ್ತಿದ್ದೆ. ಮರ್ತೇಬಿಟ್ಟಿದ್ದೆ ನೋಡು."

ಬಣ್ಣದ್ದು ಗೋಡೆಗೆ, ಇನ್ನೊಂದು ಪೆಟ್ಟಿಗೆಗೆ ಎಂದು ಎರಡನ್ನೂ ತೆಗೆದುಕೊಂಡರು. ಹೊರಡುವ ಮುಂಚೆ ಆ ತಮ್ಮ ಮತ್ತೆ ಕಸುಬಿನ ಮನುಷ್ಯರಾಗಿ ನನ್ನ ಕಡೆ ತಿರುಗಿ, "ಅಕ್ಕಾರೆ, ಈ ಗೆರಿ ಇಷ್ಟು ನೆಟ್ಟಗೆ ಹೆಂಗೆ ಬಂತು? ಹಸಿ ಬಣ್ಣಕ್ಕೆ ಕೈ ತಗಲಲ್ವಾ?" ಎಂದು ಕೇಳಿದರು. ಮೊಣಕೈ ಎತ್ತಿಕೊಂಡೇ ಬರೆಯುತ್ತೇನೆ, ಸಂಜೆ ಹೊತ್ತಿಗೆ ಭುಜ ಸೇದಿ ನೋಯುತ್ತದೆ ಎಂದು ತೋರಿಸಿದೆ.

ತಿಂಗಳಾದ ಮೇಲೆ ಆ ತಮ್ಮನೇ ಕಾಗದದಲ್ಲಿ ಸುತ್ತಿದ ಒಂದು ಸಾಮಾನು ತಂದುಕೊಟ್ಟರು. ಗೇಣುದ್ದದ ಹಿತ್ತಾಳೆಯ ಪಟ್ಟಿ, ಎರಡೂ ಕೊನೆಗೆ ಬೆರಳೆತ್ತರದ ಕಾಲು. ಮನೆಯಲ್ಲಿ ಕೂತು ಅರದಿಂದ ಉಜ್ಜಿ ಮಾಡಿದ್ದಂತೆ. ಫೋಟೋದ ಮೇಲೆ ಸೇತುವೆಯಂತೆ ಇಟ್ಟು ಅದಕ್ಕೆ ಕೈ ಊರಿದರೆ ಹಸಿ ಬಣ್ಣಕ್ಕೆ ಏನೂ ತಗಲುತ್ತಿರಲಿಲ್ಲ. ಅಂಥದ್ದನ್ನು ನಾನು ಯಾವ ಅಂಗಡಿಯಲ್ಲೂ ಕಂಡಿರಲಿಲ್ಲ. ಯಜಮಾನರು ಅದನ್ನು ತಿರುಗಿಸಿ ನೋಡಿ, ಗಾಜಿನ ಮೇಲಿಟ್ಟು ಅಲ್ಲಾಡಿಸಿದರು. ಒಂದಿಷ್ಟೂ ಅಲುಗಲಿಲ್ಲ.

ಮಾರನೆಯ ದಿನ ಚನ್ನಗಿರಿ ಕಡೆಯ ಒಬ್ಬ ಹೆಣ್ಣುಮಗಳು ತಂದೆಯ ಫೋಟೋ ಹಿಡಿದು ಬಂದಳು. ನಾನು ಕುಂಚ ಮುಟ್ಟುವ ಮೊದಲೇ ಯಜಮಾನರು ಬೆಂಚು ಎಳೆದು, "ಕೂಡ್ರಿ ತಾಯಿ. ನಿಮ್ಮಪ್ಪ ಎಂಥಾ ರುಮಾಲು ಸುತ್ತುತಿದ್ರು, ಹೇಳ್ರಿ" ಎಂದು ಕೇಳುತ್ತಿದ್ದರು.